ಹತ್ತು ಸಮಸ್ತರಲ್ಲಿ ಹೆಣ್ಣು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಊರಸಭೆ ಮತ್ತು ಮತಾಧಿಕಾರ

ಮತಾಧಿಕಾರವು ವ್ಯಕ್ತಿಗೆ ಸಲ್ಲುವ ಹಕ್ಕು. ಸಾಂಪ್ರದಾಯಿಕ ಗ್ರಾಮವ್ಯವಸ್ಥೆಯಾದರೋ ಮನೆಯನ್ನು ಘಟಕವಾಗಿ ಎಣಿಸುತ್ತದೆ. ಸ್ತ್ರೀಯರು ಸಾರ್ವಜನಿಕ ನಿರ್ಣಯಗಳಿಂದ ದೂರ ಉಳಿದ ಬಗೆಯನ್ನು ಅರಿಯಲು ಈ ಎರಡು ಎಣಿಕೆಗಳ ನಡುವಿನ ಅಂತರವನ್ನು ಪರಿಶೀಲಿಸುವುದು ಅವಶ್ಯ. ಬಯಲುಸೀಮೆ ಮತ್ತು ಅರೆಮಲೆನಾಡು ಕೂಡುವ ಕಡೂರು, ತರೀಕೆರೆ, ಅಜ್ಜಂಪುರ ಪರಿಸರವು ಇಂತಹ ಅಧ್ಯಯನಕ್ಕೆ ತಕ್ಕ ಕ್ಷೇತ್ರವಾಗಿದೆ.

ಶಾಸನದ ನೆಲೆ

ಇಂದಿನ ಚಿಕ್ಕಮಗಳೂರು ಜಿಲ್ಲೆಯು 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದು, ಮೈಸೂರು ಸಂಸ್ಥಾನದ ಭಾಗವಾಗಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅಲ್ಲಿ ಸ್ಥಾನವಿದ್ದುದು ಭೂಹಿಡುವಳಿದಾರರಿಗೆ ಮತ್ತು ವರ್ತಕರಿಗೆ. ಮುಂದೆ ಚುನಾವಣಾ ಪದ್ಧತಿ ಬಂದಾಗಲೂ ಸ್ತ್ರೀಯರಿಗೆ ಮತವಿರಲಿಲ್ಲ. ಮದರಾಸು ಮತ್ತು ಮುಂಬಯಿ ಪ್ರಾಂತಗಳು 1921ರಲ್ಲಿ ಲಿಂಗಾಧಾರಿತ ಅನರ್ಹತೆಯನ್ನು ತೆಗೆದುಹಾಕಿದ ತರುವಾಯ, ಮೈಸೂರಿನಲ್ಲಿ 1923ರ ಕಾಯಿದೆಯು ಅದೇ ಹಾದಿಯನ್ನು ಹಿಡಿಯಿತು.

ಆದರೆ ಮತದಾನದ ಅರ್ಹತೆಯು ಆಸ್ತಿ ಮತ್ತು ಕಂದಾಯದೊಂದಿಗೆ ಬೆಸೆದುಕೊಂಡಿತ್ತು. ಹೊಲ, ತೋಟಗಳಲ್ಲಿ ದುಡಿಯುವವಳು ಹೆಣ್ಣಾದರೂ ಖಾತೆ ಗಂಡಸಿನ ಹೆಸರಿನಲ್ಲಿರುವುದು ವಾಡಿಕೆ. ಖಾತೆಯಿಲ್ಲದವಳಿಗೆ ಕಂದಾಯವಿಲ್ಲ, ಕಂದಾಯವಿಲ್ಲದವಳಿಗೆ ಮತವಿಲ್ಲ. ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕುಗಳನ್ನು ಕುರಿತ ಮೈಸೂರಿನ ಕಾಯಿದೆ ಬಂದದ್ದು 1933ರಲ್ಲಿ. ಹೀಗಾಗಿ ಸಾಮಾನ್ಯ ರೈತಾಪಿ ಹೆಣ್ಣುಮಗಳ ಪಾಲಿಗೆ ಮತಾಧಿಕಾರವು ನಿಜವಾದದ್ದು 1951-52ರ ಪ್ರಥಮ ಮಹಾಚುನಾವಣೆಯಲ್ಲಿ ಎನ್ನಬಹುದು.

ಕಟ್ಟೆಯ ನೆಲೆ

ಊರಿನ ನ್ಯಾಯ, ಜಾತ್ರೆಯ ದಿನ, ಕೆರೆಯ ನೀರಿನ ಸರದಿ ಇವೆಲ್ಲ ತೀರ್ಮಾನವಾಗುತ್ತಿದ್ದುದು ಅರಳಿಕಟ್ಟೆಯಲ್ಲಿ ಅಥವಾ ಗುಡಿಯ ಮುಂದೆ. ಅಂತಹ ಕೂಟವನ್ನು ಜನಪದರು 'ಹತ್ತು ಸಮಸ್ತರು' ಎಂದು ಕರೆಯುತ್ತಾರೆ. ಸಮಸ್ತವೆಂದರೆ ಎಲ್ಲರೂ. ಆದರೆ ಕಟ್ಟೆಗೆ ಕರೆ ಹೋಗುವುದು 'ಮನೆಗೊಬ್ಬ ಗಂಡಾಳು' ಎಂಬ ಲೆಕ್ಕದಲ್ಲಿ. ವಿಧವೆಯೊಬ್ಬಳು ಮನೆವಾರು ವಂತಿಗೆಯನ್ನು ತಪ್ಪದೆ ಕೊಟ್ಟರೂ ಅವಳ ಪರವಾಗಿ ಮಾತನಾಡುವವನು ಮೈದುನನೋ ಬೆಳೆದ ಮಗನೋ ಆಗಿರುತ್ತಾನೆ. ತನ್ನದೇ ವ್ಯಾಜ್ಯವಿದ್ದಾಗಲೂ ಅವಳು ನಿಲ್ಲುವುದು ಕಟ್ಟೆಯ ಕೆಳಗೆ, ಸೆರಗು ಹೊದ್ದು.

ಇದೇ ಸೀಮೆಯ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸುತ್ತಣ ಹಳ್ಳಿಗಳ ಗಾಡಿಗಳು ಸಾಲುಗಟ್ಟುತ್ತವೆ. ಗ್ರಾಮದೇವತೆ ಹೆಣ್ಣು, ಮಡಿಲಕ್ಕಿ, ಆರತಿ, ಹರಕೆಗಳ ಭಾರ ಹೊರುವವರೂ ಹೆಣ್ಣುಮಕ್ಕಳೇ. ಸೀಮೆಯ ಗ್ರಾಮದೇವತೆಗಳ ಹಬ್ಬಗಳಲ್ಲಿ ಆಚರಣೆಯ ಈ ಹಿರಿತನವು ನಿರ್ಣಯದ ಹಿರಿತನವಾಗಿ ಮಾರ್ಪಡಲಿಲ್ಲವೆಂಬುದು ಗಮನಾರ್ಹ.

ಹೆಸರಿನ ನೆಲೆ

ಸೊಸೆಯಾಗಿ ಬಂದವಳನ್ನು ತವರೂರಿನಿಂದಲೋ ಹಿರಿಯ ಮಗುವಿನ ಹೆಸರಿನಿಂದಲೋ ಗುರುತಿಸುವುದು ರೂಢಿ. ಅವಳು ಗಂಡನ ಹೆಸರನ್ನು ಉಚ್ಚರಿಸುವಂತಿಲ್ಲ. 'ನಮ್ಮನೆಯವರು', 'ಯಜಮಾನರು' ಎಂಬಷ್ಟರಲ್ಲಿ ಮಾತು ಮುಗಿಯುತ್ತದೆ. ಮದುವೆ, ಸೀಮಂತಗಳಲ್ಲಿ ಮಾತ್ರ ಒಡಪು ಕಟ್ಟಿ ಆ ಹೆಸರನ್ನು ಹೇಳಬಹುದು. ನಿಷೇಧವನ್ನು ಮೀರಲು ಜನಪದರೇ ಒದಗಿಸಿಕೊಂಡ ಸಂದರ್ಭವಿದು.

ಈ ರೂಢಿಯ ರಾಜಕೀಯ ಪರಿಣಾಮವು ಪ್ರಥಮ ಮಹಾಚುನಾವಣೆಯಲ್ಲಿ ಪ್ರಕಟವಾಯಿತು. ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಯಿಸಿದ ಸುಮಾರು 28 ಲಕ್ಷ ಸ್ತ್ರೀಯರು ದೇಶದ ಮತದಾರರ ಪಟ್ಟಿಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ ಮೊದಲಾದ ಉತ್ತರದ ರಾಜ್ಯಗಳವರು. ಕಡೂರು ಸೀಮೆಯ ರೂಢಿಯು ಅಷ್ಟು ಕಠಿಣವಾಗಿರದಿದ್ದರೂ, ಹೆಣ್ಣನ್ನು ಸಂಬಂಧದ ಮೂಲಕವೇ ಗುರುತಿಸುವ ಮನೋಧರ್ಮ ಎರಡೂ ಕಡೆ ಒಂದೇ.

ಮೀಸಲಾತಿಯ ತರುವಾಯ

ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವು 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಆರಿಸಿ ಕಳುಹಿಸಿತು. ಊರಿನ ಕಟ್ಟೆ ಆಗಲೂ ಗಂಡಸರದೇ ಆಗಿತ್ತು. ಅಲ್ಲಿ ಬದಲಾವಣೆ ತಂದದ್ದು ಪಂಚಾಯತ್ ಶಾಸನಗಳು. 1983ರ ಕಾಯಿದೆಯನ್ವಯ 1987ರಲ್ಲಿ ನಡೆದ ಚುನಾವಣೆಗಳಲ್ಲಿ ಶೇಕಡಾ 25, 1993ರ ಕಾಯಿದೆಯಲ್ಲಿ ಮೂರನೆಯ ಒಂದು ಭಾಗ, 2010ರ ತಿದ್ದುಪಡಿಯಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಸದಸ್ಯೆಯ ಬದಲಿಗೆ ಗಂಡನೇ ಸಭೆಗೆ ಬರುವ, ಅವಳು ರುಜು ಮಾತ್ರ ಹಾಕುವ ಪರಿಪಾಠವು ನಾಡಿನ ಹಲವೆಡೆ ಕಾಣಿಸಿಕೊಂಡಿತು. 'ಮನೆಗೊಬ್ಬ ಗಂಡಾಳು' ಎಂಬ ಹಳೆಯ ಲೆಕ್ಕವೇ ಹೊಸ ಸಂಸ್ಥೆಯೊಳಗೆ ಮುಂದುವರಿದ ಬಗೆಯಿದು.

ಆದರೂ ಶಾಸನವು ಒಂದು ಮೂಲಭೂತ ವ್ಯತ್ಯಾಸವನ್ನು ಉಂಟುಮಾಡಿದೆ. ಇಂದಿನ ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಸದಸ್ಯರು. ಅತ್ತೆ, ಸೊಸೆ, ಗಂಡ ಪ್ರತ್ಯೇಕ ಎಣಿಕೆಗೆ ಬರುತ್ತಾರೆ. 'ಸಮಸ್ತ' ಎಂಬ ಪದಕ್ಕೆ ಅದರ ಪೂರ್ಣಾರ್ಥ ದೊರೆತದ್ದು ಇಲ್ಲಿ. ಮೊದಲ ಬಾರಿಗೆ ಮತಗಟ್ಟೆಗೆ ನಡೆದ ತಲೆಮಾರಿನ ಹೆಣ್ಣುಮಕ್ಕಳು ವಿರಳವಾಗಿದ್ದಾರೆ. ಬೀಸುವ ಪದ, ಸೋಬಾನೆಗಳನ್ನು ಸಂಗ್ರಹಿಸಿದಷ್ಟೇ ಆಸ್ಥೆಯಿಂದ ಅವರ ನೆನಪುಗಳನ್ನೂ ದಾಖಲಿಸುವುದು ಜಾನಪದ ಅಧ್ಯಯನದ ಮುಂದಿರುವ ತುರ್ತಿನ ಕಾರ್ಯವಾಗಿದೆ.