ನಿಮಗಿದು ಗೊತ್ತೆ? ಕುಂಬಳಕಾಯಿಯೇ ಪಾತ್ರೆ!

ಅರ್ಮೇನಿಯಾದಲ್ಲಿ ಚಳಿ ಶುರುವಾಗುವ ಹೊತ್ತಿಗೆ ನೆನಪಾಗುವ ತಿಂಡಿ ‘ಘಪಮಾ’. ಇಡೀ ಸಿಹಿಗುಂಬಳದ ತೊಟ್ಟಿನ ಭಾಗವನ್ನು ಮುಚ್ಚಳದಂತೆ ಕೊಯ್ದು ತೆಗೆದು, ಬೀಜ, ನಾರು ಬಳಿದು ಹಾಕಿ, ಒಳಗೆ ಅರೆಬೆಂದ ಅನ್ನ ತುಂಬುತ್ತಾರೆ. ಜೊತೆಗೆ ಒಣದ್ರಾಕ್ಷಿ, ಒಣ ಏಪ್ರಿಕಾಟ್, ಪ್ಲಮ್, ಸೇಬಿನ ಹೋಳು, ಬಾದಾಮಿ, ಆಕ್ರೋಟು, ಚಿಟಿಕೆ ಚಕ್ಕೆಪುಡಿ, ಧಾರಾಳವಾಗಿ ಬೆಣ್ಣೆ, ಜೇನು. ಮುಚ್ಚಳ ಮುಚ್ಚಿ ಓವನ್‌ಗಿಟ್ಟರೆ, ಉಳಿದರ್ಧ ಅನ್ನ ಬೇಯುವುದು ಕಾಯಿಯ ಒಳಗಿನ ತೇವದಲ್ಲೇ.

ಚೆಂದವಿರುವುದು ಬಡಿಸುವುದರಲ್ಲಿ. ಕಂದುಗಟ್ಟಿ ಸುಕ್ಕಾದ ಸಿಪ್ಪೆಗೆ ಮೇಲಿನಿಂದ ಕೆಳಕ್ಕೆ ಚಾಕು ಎಳೆದರೆ, ಹೋಳುಗಳು ಎಸಳಿನಂತೆ ಸುತ್ತ ಬಿಚ್ಚಿಕೊಳ್ಳುತ್ತವೆ. ನಡುವೆ ಹಬೆಯಾಡುವ, ಜೇನಿನಿಂದ ಮಿರುಗುವ ಅನ್ನ. ಬೆಂದ ಹೋಳೂ ಅನ್ನದ ಜೊತೆಗೇ ಬಾಯಿಗೆ.

ಕೊಯ್ದು ಕೆಲವು ವಾರ ಇಟ್ಟ ಕಾಯಿಯಾದರೆ ರುಚಿ ಹೆಚ್ಚು. ಅಷ್ಟರಲ್ಲಿ ಅದರ ಪಿಷ್ಟದ ಒಂದಂಶ ಸಕ್ಕರೆಯಾಗಿರುತ್ತದೆ.

ಸಿಹಿಗುಂಬಳದ ತವರು ಅಮೆರಿಕ ಖಂಡ. ಕಡಲು ದಾಟಿ ಇತ್ತ ಬಂದದ್ದು 1492ರ ನಂತರ. ಏಪ್ರಿಕಾಟ್‌ನ ಸಸ್ಯಶಾಸ್ತ್ರೀಯ ಹೆಸರಿನಲ್ಲೋ ಅರ್ಮೇನಿಯಾವೇ ಇದೆ: ‘ಪ್ರೂನಸ್ ಅರ್ಮೇನಿಯಾಕಾ’. ದೂರದ ಕಾಯಿಯೊಳಗೆ ಊರಿನ ಹಣ್ಣು! ಈ ತಿಂಡಿಯ ಮೇಲೊಂದು ಹಾಡೂ ಇದೆ. ಗಾಯಕ ಹರೂತ್ ಪಂಬುಕ್ಚಿಯಾನ್ ಹಾಡಿದ ‘ಹೇ ಜಾನ್ ಘಪಮಾ’ ಅರ್ಮೇನಿಯನ್ನರಿಗೆ ಚಿರಪರಿಚಿತ.