ಎಎಲ್‌ಎಸ್: ಕೈಚೆಲ್ಲುವ ಮುನ್ನ

ಪುಣೆ: ಎಎಲ್‌ಎಸ್ ಎಂದೊಡನೆ ಎಲ್ಲ ಮುಗಿಯಿತೆಂದು ಮನೆಯವರು ಕೈಚೆಲ್ಲುವುದುಂಟು. ಕೈಕಾಲು, ಮಾತು, ಕೊನೆಗೆ ಉಸಿರನ್ನೂ ಕಸಿಯುವ ಈ ನರರೋಗ ಗುಣವಾಗದು, ನಿಜ. ಆದರೆ 1990ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಎಎಲ್‌ಎಸ್ ಸಮ್ಮೇಳನದಲ್ಲಿ ಔಷಧದ ಜೊತೆಗೆ ಆರೈಕೆಗೂ ಗೋಷ್ಠಿಗಳಿವೆ.

ಲೆಕ್ಕ ನೋಡಿ: 1995ರಲ್ಲಿ ಬಂದ ರಿಲುಜೋಲ್ ಮಾತ್ರೆ ಪ್ರಯೋಗಗಳಲ್ಲಿ ಆಯುಷ್ಯಕ್ಕೆ ಸೇರಿಸಿದ್ದು 2-3 ತಿಂಗಳು. 2006ರ ಬ್ರಿಟನ್ ಅಧ್ಯಯನದಲ್ಲಿ ಮುಖಕ್ಕೆ ತೊಡಿಸುವ ಉಸಿರಾಟದ ಯಂತ್ರ, ಗಂಟಲಿನ ಸ್ನಾಯು ಹೆಚ್ಚು ಸೋಲದವರಿಗೆ, ಕೊಟ್ಟದ್ದು ಸುಮಾರು 7 ತಿಂಗಳು. ಉಸಿರಾಟದ ಪರೀಕ್ಷೆಯನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳುವುದು ಲೇಸು.

ಅಂದಹಾಗೆ, ಕೈ ಸೊರಗಿದ್ದೆಲ್ಲ ಎಎಲ್‌ಎಸ್ ಅಲ್ಲ. ಒಂದೇ ಕೈ ಅಥವಾ ಕಾಲು ಸೊರಗಿ, ಕೆಲ ವರ್ಷಗಳಲ್ಲಿ ತಾನೇ ನಿಲ್ಲುವ ಕಾಯಿಲೆಯೂ ಇದೆ. 1984ರಲ್ಲಿ 23 ರೋಗಿಗಳನ್ನು ಪರಿಶೀಲಿಸಿ ಅದನ್ನು ವಿವರಿಸಿದವರು ನಮ್ಮ ಬೆಂಗಳೂರು ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು.