ಟ್ರ್ಯಾಕ್ಟರಿನ ಇಂಜಿನ್ ಅತಿಯಾಗಿ ಬಿಸಿಯೇರುತ್ತಿದೆಯೇ? ಬಿಚ್ಚಿಸುವ ಮುನ್ನ ಪರೀಕ್ಷಿಸಿ

ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವ ರೈತರನ್ನು ನೀವು ನೋಡಿರಬಹುದು. ಸಾರಜನಕದ ಕೊರತೆಯಿಂದ ಎಲೆ ಹಳದಿಯಾಗುತ್ತದೆ ನಿಜ. ಬುಡದಲ್ಲಿ ನೀರು ನಿಂತರೂ ಆಗುತ್ತದೆ, ಬೇರಿಗೆ ಜಂತುಹುಳು ಹತ್ತಿದರೂ ಆಗುತ್ತದೆ. ಕಾರಣ ತಿಳಿಯದೆ ಹಾಕಿದ ಗೊಬ್ಬರ ಹಣವನ್ನು ಕಳೆಯುತ್ತದೆಯೇ ಹೊರತು ರೋಗವನ್ನಲ್ಲ. ಟ್ರ್ಯಾಕ್ಟರಿನ ಇಂಜಿನ್ ಕುದಿಯತೊಡಗಿದಾಗಲೂ ಇದೇ ಮಾತು. ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರದವನಲ್ಲ. ಆದರೂ ಈ ವಿಷಯವನ್ನು ಬರೆಯಲು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ ಕಾರಣ.

ಕೋಲಾರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅಣ್ಣ ಬೇಸಾಯ ನೋಡಿಕೊಳ್ಳುತ್ತಾನೆ. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಒಳ್ಳೆಯ ಮಳೆ ಬಿದ್ದು ಭೂಮಿ ಹದಕ್ಕೆ ಬಂದಿತ್ತು. ರೋಟವೇಟರ್ ಹೊಡೆಯುತ್ತ ಅರ್ಧ ಎಕರೆ ಮುಗಿಯುವಷ್ಟರಲ್ಲಿ ಉಷ್ಣಮಾಪಕದ ಮುಳ್ಳು ಕೆಂಪು ಪಟ್ಟಿಗೆ ಏರಿ, ರೇಡಿಯೇಟರಿನಿಂದ ಹಬೆ ಎದ್ದಿತು. ಪಟ್ಟಣದಿಂದ ಬಂದ ಮೆಕ್ಯಾನಿಕ್, ಹೆಡ್ ಗ್ಯಾಸ್ಕೆಟ್ ಹೋಗಿದೆ, ಬೋರ್ ಕೆಲಸವೂ ಆಗಬೇಕು ಎಂದರು. ಇಂಜಿನ್ ಬಿಚ್ಚಿ ಜೋಡಿಸಲು ಹನ್ನೊಂದು ದಿನ ಹಿಡಿಯಿತು. ಖರ್ಚಿಗಾಗಿ ಅಣ್ಣ ಕರೆಯುವ ಹಸುವೊಂದನ್ನು ಮಾರಿದ. ಹೊಲಕ್ಕೆ ಇಳಿದ ಮೊದಲ ದಿನವೇ ಇಂಜಿನ್ ಮತ್ತೆ ಕುದಿಯಿತು! ಕೊನೆಗೆ ರೇಡಿಯೇಟರ್ ಬಿಚ್ಚಿ ನೋಡಿದರೆ ಅದರ ಕೊಳವೆಗಳಲ್ಲಿ ಅರ್ಧಕ್ಕೂ ಹೆಚ್ಚು ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು. ಅಷ್ಟರಲ್ಲಿ ಹದ ತಪ್ಪಿತ್ತು. ದೀರ್ಘಾವಧಿಯ ಎಂ.ಆರ್.-6 ರಾಗಿ ಬಿತ್ತಬೇಕಿದ್ದ ಹೊಲಕ್ಕೆ ತಡವಾಗಿ ಜಿ.ಪಿ.ಯು.-28 ಬಿತ್ತಿದೆವು.

ಮೆಕ್ಯಾನಿಕ್ ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಪದೇ ಪದೇ ಕುದಿದ ಇಂಜಿನ್ನಿನ ಗ್ಯಾಸ್ಕೆಟ್ ಸುಟ್ಟಿರಲೂಬಹುದು. ಆದರೆ ಸುಟ್ಟ ಗ್ಯಾಸ್ಕೆಟ್ ಅನೇಕ ವೇಳೆ ಕುದಿತದ ಫಲ, ಕಾರಣವಲ್ಲ. ಫಲವನ್ನು ಮಾತ್ರ ಬದಲಾಯಿಸಿ ಕಾರಣವನ್ನು ಹಾಗೆಯೇ ಬಿಟ್ಟರೆ ಹೊಸ ಗ್ಯಾಸ್ಕೆಟ್ಟೂ ಉಳಿಯದು.

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಉಪಯುಕ್ತ ಕೆಲಸವಾಗುತ್ತದೆ. ಉಳಿದುದರಲ್ಲಿ ಒಂದು ಭಾಗ ಹೊಗೆಯೊಡನೆ ಹೋದರೆ ಇನ್ನೊಂದು ದೊಡ್ಡ ಭಾಗವನ್ನು ನೀರು ಹೊತ್ತು ರೇಡಿಯೇಟರಿಗೆ ತರಬೇಕು, ಅಲ್ಲಿಂದ ಗಾಳಿ ಅದನ್ನು ಒಯ್ಯಬೇಕು. ಆದ್ದರಿಂದ ನೀರು, ನೀರಿನ ಓಡಾಟ, ಗಾಳಿ ಇವುಗಳನ್ನು ಮೊದಲು ನೋಡಬೇಕು. ಇವೆಲ್ಲ ಇಂಜಿನ್ನಿನ ಹೊರಗಿರುವ, ಅಗ್ಗದ ಭಾಗಗಳು.

ಕುದಿಯುತ್ತಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿದ್ದು, ಮುಚ್ಚಳ ಸಡಿಲಿಸಿದೊಡನೆ ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಪರೀಕ್ಷೆಯನ್ನು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಆರಂಭಿಸಿರಿ.

ಆಗ ಕೀಲಿ ತಿರುಗಿಸಿದ ಕೂಡಲೇ ಮುಳ್ಳು ಕೆಂಪಿಗೆ ಹೋದರೆ ತಪ್ಪು ಮಾಪಕದ್ದು ಅಥವಾ ಅದರ ತಂತಿಯದು. ಮಾಪಕ ಸರಿಯಿದ್ದರೆ ನೀರಿನ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹೋಸುಗಳ ಹಿಡಿಕೆಗಳಲ್ಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಹುಡುಕಿ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಫ್ಯಾನ್ ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಅದಕ್ಕಿಂತ ಬಹಳ ಹೆಚ್ಚು ತಗ್ಗಿದರೆ, ಅಥವಾ ಬೆಲ್ಟ್ ನುಣುಪಾಗಿ ಹೊಳೆಯುತ್ತಿದ್ದರೆ, ಫ್ಯಾನೂ ಪಂಪೂ ಜಾರಿ ನಿಧಾನವಾಗಿ ತಿರುಗುತ್ತಿವೆ ಎಂದರ್ಥ.

ಒಕ್ಕಣೆಯ ಕಾಲದಲ್ಲಿ ರೇಡಿಯೇಟರಿನ ಮುಖಕ್ಕೆ ಹೊಟ್ಟು, ಧೂಳು ಮೆತ್ತಿಕೊಳ್ಳುತ್ತವೆ. ಎಣ್ಣೆಯ ಜಿಡ್ಡು ಸೇರಿದರೆ ಕಂಬಳಿಯನ್ನೇ ಹೊದಿಸಿದಂತೆ. ಇಂಜಿನ್ನಿನ ಕಡೆಯಿಂದ ಹೊರಕ್ಕೆ, ತೆಳುವಾದ ರೆಕ್ಕೆಗಳು ಬಾಗದಂತೆ ಹದವಾಗಿ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ತೊಳೆದರೆ ಕಸ ಇನ್ನಷ್ಟು ಒಳಗೆ ಸೇರುತ್ತದೆ.

ಹೊರಗೆ ಶುಭ್ರವಾಗಿದ್ದೂ ಬಿಸಿಯಾಗುತ್ತಿದ್ದರೆ ಒಳಗಿನ ಸುಣ್ಣದ ಮೇಲೆ ಅನುಮಾನಪಡಿ. ನಿಮ್ಮ ಬಚ್ಚಲ ಹಂಡೆಯ ಒಳಮೈಯಲ್ಲಿ ಬಿಳಿ ಹೆಪ್ಪು ಕಟ್ಟುತ್ತಿದ್ದರೆ, ಅದೇ ಕೊಳವೆಬಾವಿಯ ನೀರು ರೇಡಿಯೇಟರಿನಲ್ಲೂ ಕಟ್ಟುತ್ತದೆ. ಇಂಜಿನ್ ಓಡಿಸಿ ಬಿಸಿಮಾಡಿ, ನಿಲ್ಲಿಸಿ, ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಮೈಗೆ ಅಂಗೈಯನ್ನು ಹತ್ತಿರ ಹಿಡಿದು ಮೆಲ್ಲನೆ ಸರಿಸಿ ನೋಡಿ. ಅಲ್ಲಲ್ಲಿ ತಣ್ಣನೆಯ ಜಾಗಗಳಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಅಣ್ಣನ ಟ್ರ್ಯಾಕ್ಟರಿಗೆ ಈ ಎರಡು ನಿಮಿಷದ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ, ನಾನೂ ಮಾಡಲಿಲ್ಲ.

ಥರ್ಮೋಸ್ಟಾಟನ್ನು ಒಲೆಯ ಮೇಲೆಯೇ ಪರೀಕ್ಷಿಸಬಹುದು. ದಾರಕ್ಕೆ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚೊತ್ತಿದ ಉಷ್ಣತೆಗೆ ಬಾಯಿ ತೆರೆಯತೊಡಗಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಿಸಿ. ಅದನ್ನು ಕಿತ್ತುಹಾಕಿ ಓಡಿಸುವ ರೂಢಿ ನಮ್ಮಲ್ಲಿದೆ. ಇದು ಸರಿಯಲ್ಲ. ಇಂಜಿನ್ ತಕ್ಕಷ್ಟು ಬಿಸಿಯಾಗದೆ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಬಿಸಿನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಕುದಿತ ಇನ್ನೂ ಹೆಚ್ಚುತ್ತದೆ.

ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಅದಕ್ಕೂ ಕುರುಹುಗಳುಂಟು. ತಣ್ಣನೆಯ ಇಂಜಿನ್ನಿನ ಮುಚ್ಚಳ ತೆಗೆದು ಚಾಲೂ ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿರುತ್ತವೆ. ಎಣ್ಣೆ ನೋಡುವ ಕಡ್ಡಿಯಲ್ಲಿ ಮಜ್ಜಿಗೆಯಂತಹ ಬೆಳ್ಳಗಿನ ನೊರೆ ಕಾಣಬಹುದು. ಹೊರಗೆಲ್ಲೂ ಸೋರದೆ ನೀರು ಇಳಿಯಬಹುದು, ಇಂಜಿನ್ ಬಿಸಿಯಾದ ಮೇಲೂ ಹೊಗೆಕೊಳವೆಯಿಂದ ಬಿಳಿ ಹಬೆ ಬರುತ್ತಿರಬಹುದು. ಇವುಗಳಲ್ಲಿ ಒಂದನ್ನಾದರೂ ತೋರಿಸುವಂತೆ ಮೆಕ್ಯಾನಿಕ್‌ನನ್ನು ಕೇಳಿರಿ. ಬೋರ್ ಸವೆದಿದೆ ಎಂದರೆ ಕಂಪ್ರೆಷನ್ ಅಳೆದು ತೋರಿಸಲು ಹೇಳಿರಿ. ಹೀಗೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಕಾರು ಇಟ್ಟುಕೊಂಡವರಿಗೆ ಒಂದು ಸುಳಿವು. ಪೇಟೆಯ ದಟ್ಟಣೆಯಲ್ಲಿ ಬಿಸಿಯಾಗಿ, ಹೆದ್ದಾರಿಯಲ್ಲಿ ತಣ್ಣಗಾದರೆ ದೋಷ ಹೆಚ್ಚಾಗಿ ಫ್ಯಾನಿನದು. ಹೆದ್ದಾರಿಯ ವೇಗದಲ್ಲಿ ಅಥವಾ ಘಟ್ಟ ಹತ್ತುವಾಗ ಬಿಸಿಯಾದರೆ ನೀರಿನ ಹರಿವಿನ ಕಡೆ ನೋಡಬೇಕು. ಕಾರಿನ ವಿದ್ಯುತ್ ಫ್ಯಾನ್ ಕೀಲಿ ತೆಗೆದ ಮೇಲೂ ತಟ್ಟನೆ ತಿರುಗಬಹುದಾದ್ದರಿಂದ ಬ್ಯಾಟರಿಯ ತಂತಿ ಬಿಚ್ಚದೆ ಅಲ್ಲಿ ಕೈ ಹಾಕಬೇಡಿ.

ಅಣ್ಣ ಈಗ ಕೊಟ್ಟಿಗೆಯ ಸೂರಿನ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು, ಸೋಸಿ, ಮುಚ್ಚಿಟ್ಟಿರುತ್ತಾನೆ. ತಯಾರಕರ ಕೈಪಿಡಿಯಲ್ಲಿ ಹೇಳಿದ ಪ್ರಮಾಣದಲ್ಲಿ ಕೂಲಂಟನ್ನು ಬೆರೆಸಿ ಅದನ್ನೇ ರೇಡಿಯೇಟರಿಗೆ ಹಾಕುತ್ತಾನೆ. ಡ್ರಮ್ಮಿನ ನೀರನ್ನು ಬೇರೆ ಯಾವುದಕ್ಕೂ ಮುಟ್ಟಕೂಡದೆಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದಾನೆ.